ಹಲ್ಲುಗಾಡಿಯ ಬಾಲ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಬಚ್ಚಲುಮನೆ. ಅದೇನು ಭಾರೀ ಬಚ್ಚಲಲ್ಲ. ನಾಲ್ಕಡಿ ಉದ್ದ, ಮೂರಡಿ ಅಗಲ. ಒಳಗಿದ್ದವರ ಕೈಯಿಂದ ಸೋಪು ಜಾರಿದರೆ ಹೊರಗೆ ಬಂದು, ಬಗ್ಗಿ, ಮತ್ತೆ ಒಳಗೆ ಕೈಹಾಕಿ ಎತ್ತಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ಆದರೆ ಬಡಗಿ ಆ ನಾಲ್ಕಡಿಯನ್ನು ಜೋಡಿಸಿದ್ದು ಗಾಡಿಯ ಹಿಂಬದಿಗೆ. ಮೊದಲೇ ಉದ್ದವಾಗಿದ್ದ ಬಸ್ಸು ಈಗ ಹಿಂದಿನ ಚಕ್ರಗಳಾಚೆಗೂ ಹನ್ನೊಂದು ಅಡಿ ಬಾಲ ಚಾಚಿಕೊಂಡು, ತಿಂದು ಮಲಗಿದ ಮೊಸಳೆಯ ಹಾಗೆ ಅಂಗಳದಲ್ಲಿ ಬಿದ್ದಿತ್ತು.

ಗಾಡಿಯ ಹೆಸರು ಹಲ್ಲುಗಾಡಿ. ಒಂದು ಕಾಲದಲ್ಲಿ ಅದು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಹಲ್ಲು ನೋಡುತ್ತಿದ್ದ ಸರ್ಕಾರಿ ಬಸ್ಸು. ಬಿಳೀ ಮೈ, ಎರಡೂ ಪಕ್ಕದಲ್ಲಿ ಕೈಕಾಲು ಮೂಡಿದ ನಗುವ ದವಡೆಹಲ್ಲಿನ ಚಿತ್ರ. ಆ ಹಲ್ಲು ನಗುತ್ತಿತ್ತೇ ಹೊರತು ಅದನ್ನು ನೋಡಿ ನಕ್ಕ ಮಗು ಒಂದೂ ಇರಲಿಲ್ಲ. ಗಾಡಿ ಗೇಟಿನೊಳಗೆ ಬಂತೆಂದರೆ ಅರ್ಧ ಶಾಲೆ ಹಿಂದಿನ ಗೋಡೆ ಹಾರುತ್ತಿತ್ತು. ಅದನ್ನು ಇಪ್ಪತ್ತೊಂಬತ್ತು ವರ್ಷ ಓಡಿಸಿದವನೇ ನಮ್ಮ ಹಲ್ಲುಗಾಡಿಯಣ್ಣ. ಗಾಡಿಯೊಳಗೆ ಡಾಕ್ಟರಿಗೆ ಇಕ್ಕಳ ಎತ್ತಿಕೊಡುತ್ತಿದ್ದ ನರ್ಸು ಮುಂದೆ ಅವನ ಹೆಂಡತಿಯಾದಳು. ಡ್ಯೂಟಿಯಲ್ಲಿ ಎಲ್ಲರೂ ಆಕೆಯನ್ನು ಸಿಸ್ಟರ್ ಎಂದು ಕರೆಯುತ್ತಿದ್ದರು, ಇವನೂ ಕರೆಯುತ್ತಿದ್ದ. ಮದುವೆಯಾಗಿ ಮೂವತ್ತಾರು ವರ್ಷವಾದರೂ ಆ ಅಭ್ಯಾಸ ನಾಲಿಗೆಯಿಂದ ಹೋಗಿರಲಿಲ್ಲ. ಮಾರ್ಕೆಟ್ಟಿನಲ್ಲಿ ನಿಂತು "ಸಿಸ್ಟರ್, ಚೀಲ ಎಲ್ಲಿ?" ಎಂದು ಕೂಗಿ ಎಷ್ಟೋ ಸಲ ಬೈಸಿಕೊಂಡಿದ್ದ.

ಅವನು ನಿವೃತ್ತನಾದ ವರ್ಷವೇ ಗಾಡಿಯೂ ನಿವೃತ್ತವಾಯಿತು. ಆಫೀಸಿನ ಹಿತ್ತಲಲ್ಲಿ ಅದು ಕಳೆ ಬೆಳೆಸಿಕೊಂಡು ನಿಂತದ್ದನ್ನು ನೋಡಲು ಅವನು ವಾರಕ್ಕೊಮ್ಮೆ ಹೋಗುತ್ತಿದ್ದ, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಿಬರುವಂತೆ. ಕೊನೆಗೆ ಹರಾಜಿನಲ್ಲಿ ಅದನ್ನೇ ಮನೆಗೆ ತಂದ. ಬೀದಿಕೊನೆಯ ಬಡಗಿಯನ್ನು ಹಿಡಿದು ಎರಡು ವರ್ಷ ಅದರೊಳಗೆ ಮಂಚ, ಒಲೆ, ಕಪಾಟು ಕೂಡಿಸಿದ. ಹಲ್ಲು ಕೀಳುವ ಕುರ್ಚಿಯ ಬೋಲ್ಟುಗಳು ಮಾತ್ರ ಏನು ಮಾಡಿದರೂ ಬಿಚ್ಚಲಿಲ್ಲ. ಅದು ಅಲ್ಲೇ ಉಳಿದು, ಸಿಸ್ಟರಮ್ಮನ ಆರಾಮಕುರ್ಚಿಯಾಯಿತು.

"ಊರೂರು ಸುತ್ತೋಣ, ಒಂದು ತಿಂಗಳು ಮನೆ ಮುಖ ನೋಡೋದು ಬೇಡ," ಎಂದು ಅಣ್ಣ ಹೇಳಿದಾಗ ಸಿಸ್ಟರಮ್ಮ ಒಂದೇ ಒಂದು ಷರತ್ತು ಹಾಕಿದ್ದಳು.

"ಇಪ್ಪತ್ತೆರಡು ವರ್ಷ ಈ ಗಾಡೀಲಿ ತಿರುಗಿದ್ದೀನಿ ಕಣ್ರೀ. ಯಾವ ಊರಿಗೆ ಹೋದ್ರೂ ನಾನು ಕೇಳಿದ ಮೊದಲ ಮಾತು 'ಬಚ್ಚಲು ಎಲ್ಲಿ' ಅಂತ. ಇನ್ನು ಕೇಳೋಕಾಗಲ್ಲ. ಬಚ್ಚಲಿಲ್ಲದ ಗಾಡಿಗೆ ನಾನು ಕಾಲಿಡಲ್ಲ."

ಹಾಗೆ ಬಂದದ್ದು ಆ ನಾಲ್ಕಡಿ.

ಹೊರಡಲು ದಿನವನ್ನೂ ಯಾರೋ ಗೊತ್ತುಮಾಡಿ ಕೊಟ್ಟಂತಾಯಿತು. ನದಿದಂಡೆ ಶಾಲೆಯ ಹಳೆಯ ಹೆಡ್‌ಮಿಸ್ಸಿನಿಂದ ಕಾಗದ ಬಂತು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚುತ್ತಿದೆ, ಕಟ್ಟಡ ಕೆಡವುತ್ತಾರೆ, ಶನಿವಾರ ಮೂರೂವರೆಗೆ ಕೊನೆಯ ಗಂಟೆ; ಹಳೆಯ ಮಕ್ಕಳೆಲ್ಲ ಬರುತ್ತಾರೆ, ನೀವಿಬ್ಬರೂ ಗಾಡಿ ಸಮೇತ ಬರಲೇಬೇಕು ಎಂದು ಆಕೆ ಗುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಸಿಸ್ಟರಮ್ಮ ಆ ಕಾಗದವನ್ನು ಎರಡು ಸಲ ಓದಿ, ಮಡಿಸಿಕೊಂಡು ಒಳಗೆ ಹೋದಳು. ಅವರಿಬ್ಬರೂ ಮೊದಲು ಮಾತಾಡಿದ್ದು ಆ ಶಾಲೆಯಲ್ಲಿ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಣ್ಣ ಗಾಡಿ ಸ್ಟಾರ್ಟ್ ಮಾಡಿದ. ಅಲ್ಲಿಗೆ ಒಂದೂವರೆ ಗಂಟೆಯ ದಾರಿ. ನಿಧಾನವಾಗಿ ಹೋಗಿ, ಗಂಟೆ ಕೇಳಿ, ರಾತ್ರಿ ಹೊಳೆದಂಡೆಯಲ್ಲೇ ಉಳಿದು, ಮರುದಿನ ಮುಂದಿನ ಊರು ಎಂದು ಯೋಚನೆ.

ಅವರ ಮನೆ ರಸ್ತೆಗಿಂತ ಆಳದಲ್ಲಿತ್ತು. ಕಟ್ಟಿದಾಗ ಹಾಗಿರಲಿಲ್ಲ. ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಒಂದು ಗೇಣು ಮೇಲೇರಿತು, ಮನೆ ಇದ್ದಲ್ಲೇ ಇತ್ತು. ಈಗ ಅಂಗಳದಿಂದ ರಸ್ತೆಗೆ ಏರಲು ಗೋಡೆಗೆ ಒರಗಿಸಿದ ಏಣಿಯಂಥ ಒಂದು ಕಡಿದಾದ ರ‍್ಯಾಂಪು. ಗಾಡಿ ಇಳಿಯುವಾಗ ಸಲೀಸಾಗಿಯೇ ಇಳಿದಿತ್ತು. ಆಗ ಅದಕ್ಕೆ ಬಾಲವಿರಲಿಲ್ಲ.

ಮೂತಿ ಮೇಲೇರಿತು. ಮುಂದಿನ ಚಕ್ರ ರಸ್ತೆ ಮುಟ್ಟಿತು. "ಬರ್ತಾ ಇದೆ, ಬರ್ತಾ ಇದೆ," ಎಂದು ಸಿಸ್ಟರಮ್ಮ ಕುರ್ಚಿಯಲ್ಲಿ ಕೂತು ಹೇಳುತ್ತಿರುವಾಗಲೇ ಹಿಂದಿನ ಚಕ್ರ ರ‍್ಯಾಂಪಿಗೆ ಹತ್ತಿತು. ಬಾಲ ನೆಲಕ್ಕೆ ಕೂತಿತು.

ಕರ್ರ್ರ್ರ್!

ಸಾವಿರ ಸ್ಲೇಟುಗಳ ಮೇಲೆ ಒಮ್ಮೆಲೇ ಬಳಪ ಗೀಚಿದಂತಾಯಿತು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಬಚ್ಚಲಿನ ನೀರು ಹೋಗುವ ಪೈಪು ಮುರಿದು ಅಂಗಳದಲ್ಲಿ ಉರುಳಿತು. ಅಣ್ಣ ಗಾಡಿಯನ್ನು ಹಿಂದಕ್ಕೆ ಬಿಟ್ಟು ಇಳಿದು ನೋಡಿದ. ಹೊಸ ಬಣ್ಣ ಒಂದು ಮೊಳ ಕಿತ್ತು, ಒಳಗಿನ ತಗಡು ಕಾಣುತ್ತಿತ್ತು.

ಐದು ನಿಮಿಷದಲ್ಲಿ ಸಭೆ ಸೇರಿತು.

ಮೊದಲು ಬಂದವರು ಎದುರುಮನೆಯ ಸರ್ವೇಯರ್. ಭೂಮಾಪನ ಇಲಾಖೆಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾದರೂ ಟೇಪು ಜೇಬಿನಿಂದ ಇಳಿದಿರಲಿಲ್ಲ. ಅವರ ಹಿಂದೆ ಪಕ್ಕದ ಅಂಗಡಿಯ ಟೈಲರು, ಕೊರಳಲ್ಲಿ ಇನ್ನೊಂದು ಟೇಪು. ಆಮೇಲೆ ಬೇಕರಿಯಮ್ಮ, ಮೊಣಕೈವರೆಗೆ ಮೈದಾಹಿಟ್ಟು. ಕೊನೆಗೆ, ಕದ್ದು ಬಂದವನ ಹಾಗೆ, ಬಡಗಿ.

"ಅಕ್ಕ ಬಚ್ಚಲು ಕೇಳಿದ್ರು, ಕಟ್ಟಿಕೊಟ್ಟೆ," ಎಂದ ಬಡಗಿ, ಯಾರೂ ಏನೂ ಕೇಳುವ ಮೊದಲೇ. "ಏರು ಹತ್ತಬೇಕು ಅಂತ ಯಾರೂ ಹೇಳಲಿಲ್ಲ."

ಸರ್ವೇಯರ್ ಮಂಡಿಯೂರಿ, ಬಾಲದ ಕೆಳಗೆ ತಲೆಹಾಕಿ ಅಳೆದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಬರೆದರು. "ನೇರ ಹೋದ್ರೆ ಉಜ್ಜದೇ ಬೇರೆ ದಾರಿ ಇಲ್ಲ. ಓರೆಯಾಗಿ ಹತ್ತಬೇಕು. ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ. ಬಾಲದ ಮೂಲೆ ಹಾಗೇ ಎತ್ಕೊಳ್ಳುತ್ತೆ."

"ಸಾರ್, ಅಷ್ಟು ಓರೆಯಾಗಿ ತಿರುಗಿಸೋಕೆ ಜಾಗ ಇಲ್ಲವಲ್ಲ?" ಎಂದ ಅಣ್ಣ.

"ಇದೆ. ಲೆಕ್ಕ ಹಾಕಿದ್ದೀನಿ. ಎರಡು ಇಂಚು ಉಳಿಯುತ್ತೆ."

ಎರಡು ಇಂಚು ಉಳಿಯುತ್ತಿತ್ತೋ ಏನೋ, ಟೈಲರಂಗಡಿಯ ಬೋರ್ಡು ಗೋಡೆಯಿಂದ ಮೂರು ಇಂಚು ಹೊರಗೆ ಬಂದಿರದಿದ್ದರೆ. ಗಾಡಿಯ ಮೂತಿ ಅದನ್ನು ಮೆಲ್ಲಗೆ, ಬಲು ಗೌರವದಿಂದ, ಗೋಡೆಯಿಂದ ಬಿಡಿಸಿಕೊಂಡು ಕನ್ನಡಿಗೆ ಸಿಕ್ಕಿಸಿಕೊಂಡಿತು. ಅದೇ ಹೊತ್ತಿಗೆ ಹಿಂದುಗಡೆಯಿಂದ ಕರ್ರ್ರ್! ಬಾಲದ ಒಂದು ಮೂಲೆ ಎತ್ತಿಕೊಂಡದ್ದೇನೋ ನಿಜ. ಇನ್ನೊಂದು ಮೂಲೆ ಎರಡರ ಪಾಲನ್ನೂ ಉಜ್ಜಿತು.

"ನನ್ನ ಬೋರ್ಡು!" ಎಂದ ಟೈಲರು.

"ಬೋರ್ಡಿನ ಅಳತೆ ನೀವು ಕೊಟ್ಟಿರಲಿಲ್ಲ," ಎಂದರು ಸರ್ವೇಯರ್.

ಗಂಟೆ ಹತ್ತೂಕಾಲು. ಸಿಸ್ಟರಮ್ಮ ಇಳಿದು ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಸ್‌ಸ್ಟ್ಯಾಂಡಿಗೆ ಹೋಗಿಬಿಡೋಣ್ವಾ?"

"ಆ ಶಾಲೆಗೆ ನಾವು ಬಸ್ಸಲ್ಲಿ ಹೋಗೋದಾ, ಸಿಸ್ಟರ್?" ಅಣ್ಣನ ದನಿ ಯಾಕೋ ಸಣ್ಣಗಾಯಿತು. "ಈ ಗಾಡಿ ಬಿಟ್ಟು?"

ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಟೈಲರು ಬೋರ್ಡಿನ ದುಃಖ ನುಂಗಿಕೊಂಡು ಮುಂದೆ ಬಂದ. "ಅಣ್ಣಾ, ಬಟ್ಟೆ ನೆಲಕ್ಕೆ ತಾಗುತ್ತೆ ಅಂದ್ರೆ ನಾವೇನು ಮಾಡ್ತೀವಿ? ಕೆಳಗೆ ಪಟ್ಟಿ ಹೊಲೀತೀವಿ. ಬಾಲದ ಕೆಳಗೆ ಎರಡು ಗಾಲಿ ಹಾಕಿ. ಉಜ್ಜೋ ಬದಲು ಉರುಳುತ್ತೆ."

ಇದು ಎಲ್ಲರಿಗೂ ಸರಿಕಂಡಿತು. ಬೇಕರಿಯಮ್ಮ ಮೂಟೆ ಸಾಗಿಸುವ ತಳ್ಳುಗಾಡಿಯ ಎರಡು ಕಬ್ಬಿಣದ ಗಾಲಿ ಬಿಚ್ಚಿಕೊಟ್ಟಳು. ಬಡಗಿ ಮರದ ದಿಮ್ಮಿಗೆ ಅವನ್ನು ಬಿಗಿದು, ಬಾಲದ ಅಡಿಗೆ ಬೋಲ್ಟು ಹಾಕಿ, ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದ. ಬಾಲದಡಿ ಪುಟ್ಟ ಗಾಲಿಗಳನ್ನು ಕಂಡು ಸಿಸ್ಟರಮ್ಮ "ಈಗ ತಾನೇ ನಡೆಯೋಕೆ ಕಲಿತ ಮಗು ಇದ್ದ ಹಾಗಿದೆ," ಎಂದಳು.

ಅಣ್ಣ ಗೇರು ಹಾಕಿದ. ಗಾಡಿ ಏರಿತು. ಬಾಲ ನೆಲಕ್ಕೆ ಇಳಿದು ಗಾಲಿಯ ಮೇಲೆ ಕೂತು ಸೊಗಸಾಗಿ ಉರುಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇದ್ದಕ್ಕಿದ್ದಂತೆ ಗಾಡಿ ನಿಂತೇ ಹೋಯಿತು. ಅಣ್ಣ ಆಕ್ಸಿಲರೇಟರ್ ಒತ್ತಿದ. ಇಂಜಿನ್ ಅರಚಿತು, ಚಕ್ರ ಗಿರ್ರನೆ ತಿರುಗಿತು, ಗಾಡಿ ಮಾತ್ರ ಒಂದು ಅಂಗುಲವೂ ಅಲುಗಲಿಲ್ಲ.

ಸರ್ವೇಯರ್ ಬಗ್ಗಿ ನೋಡಿದರು. "ಅಣ್ಣಾ, ಇಂಜಿನ್ ಆಫ್ ಮಾಡಿ. ನಿಮ್ಮ ಹಿಂದಿನ ಚಕ್ರ ನೆಲದ ಮೇಲಿಲ್ಲ."

ಮುಂದಿನ ಚಕ್ರ ರಸ್ತೆಯಲ್ಲಿ, ಬಾಲ ಗಾಲಿಯ ಮೇಲೆ, ನಡುವೆ ಗಾಡಿಯನ್ನು ಓಡಿಸಬೇಕಾದ ಎರಡು ದೊಡ್ಡ ಚಕ್ರ ನೆಲದಿಂದ ನಾಲ್ಕು ಬೆರಳು ಮೇಲೆ, ಗಾಳಿಯಲ್ಲಿ. ತೊಟ್ಟಿಲಲ್ಲಿ ಮಲಗಿದ ಕೂಸು ಕಾಲು ಬಡಿದಂತೆ ಅವು ಇನ್ನೂ ತಿರುಗುತ್ತಿದ್ದವು.

ಹನ್ನೊಂದೂಮುಕ್ಕಾಲು. ಜಾಕಿ ಹಾಕಿ, ಗಾಲಿ ಬಿಚ್ಚಿ, ಗಾಡಿಯನ್ನು ಮತ್ತೆ ಅಂಗಳಕ್ಕೆ ಇಳಿಸುವ ಹೊತ್ತಿಗೆ ಬಡಗಿಯ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅಣ್ಣ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತ. ಬಚ್ಚಲಿನೊಳಗಿಂದ ಗಳಗಳ ಸದ್ದು ಬಂದದ್ದು ಆಗ.

"ಅದೇನ್ರೀ ಅದು?" ಎಂದಳು ಬೇಕರಿಯಮ್ಮ.

"ನೀರಿನ ಟ್ಯಾಂಕು. ಬೆಳಿಗ್ಗೆ ತುಂಬಿಸಿದ್ದೆ," ಎಂದ ಅಣ್ಣ.

"ಎಷ್ಟು ಹಿಡಿಯುತ್ತೆ?"

"ಮುನ್ನೂರು ಲೀಟರ್."

ಬೇಕರಿಯಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಮುನ್ನೂರು ಲೀಟರ್ ಅಂದ್ರೆ ಮುನ್ನೂರು ಕಿಲೋ. ಆರು ಮೂಟೆ ಮೈದಾ. ಆರು ಮೂಟೇನ ಬಾಲದ ಮೇಲೆ ಹೇರ್ಕೊಂಡು ಬಾಲ ಯಾಕೆ ನೆಲಕ್ಕೆ ತಾಗುತ್ತೆ ಅಂತ ತ್ರಿಕೋನ ಬರೀತಾ ಇದ್ದೀರಲ್ಲಾ! ನಾನು ದಿನಾ ತಳ್ಳುಗಾಡಿ ತಳ್ಳೋಳು. ಹಿಂದೆ ಭಾರ ಜಾಸ್ತಿಯಾದ್ರೆ ಹಿಂದೆ ಬಗ್ಗುತ್ತೆ, ಮುಂದೆ ಹಾಕಿದ್ರೆ ಹಿಂದೆ ಏಳುತ್ತೆ. ಇದಕ್ಕೂ ಲೆಕ್ಕ ಬೇಕಾ?"

ಸರ್ವೇಯರ್ ತ್ರಿಕೋನದ ಮೇಲೆ ಚಪ್ಪಲಿಯಿಟ್ಟು ಮೆಲ್ಲಗೆ ಅಳಿಸಿದರು.

ನೀರು ಬಿಟ್ಟರು. ಪೈಪು ಬೆಳಿಗ್ಗೆಯೇ ಮುರಿದಿದ್ದರಿಂದ ಮುನ್ನೂರು ಲೀಟರೂ ಸೀದಾ ಅಂಗಳಕ್ಕೇ ಹರಿಯಿತು. ಹತ್ತು ನಿಮಿಷದಲ್ಲಿ ಅಂಗಳ ನಾಟಿಗೆ ತಯಾರಾದ ಗದ್ದೆ. ಆ ಕೆಸರಿಗೆ ಬಡಗಿ ಎರಡು ದಪ್ಪ ಹಲಗೆ ಹಾಸಿದ. ಹಿಂದಿನ ಚಕ್ರ ಹಲಗೆಯ ಮೇಲೆ ಬಂದರೆ ಬಾಲವೂ ಅಷ್ಟು ಎತ್ತರ ಏರುತ್ತದೆ. ಇನ್ನು ಮುಂದೆ ಭಾರ ಬೇಕು. ಸ್ಟೆಪ್ನಿ ಚಕ್ರವನ್ನು ಬಾಲದಿಂದ ಬಿಚ್ಚಿ ಡ್ರೈವರ್ ಪಕ್ಕಕ್ಕೆ ತಂದರು. ಬೇಕರಿಯಿಂದ ನಾಲ್ಕು ಮೂಟೆ ಮೈದಾ ಬಂತು. ಸಾಲದು ಎಂದರು ಸರ್ವೇಯರ್.

"ಹಾಗಾದ್ರೆ ನಾವೇ ಹತ್ತೋಣ," ಎಂದು ಬೇಕರಿಯಮ್ಮ ಮೊದಲು ಹತ್ತಿದಳು. ಗಾಡಿ ಮುಂದಕ್ಕೆ ತಲೆಬಾಗಿತು. ಹಿಂದೆಯೇ ಬಡಗಿ. ಟೈಲರು ಹತ್ತಿದಾಗ ಮಾತ್ರ ಗಾಡಿಗೆ ತಿಳಿಯಲೇ ಇಲ್ಲ.

"ನೀನು ಹತ್ತಿದ್ದೂ ಒಂದೇ, ಇಳಿದಿದ್ದೂ ಒಂದೇ ಕಣೋ," ಎಂದ ಬಡಗಿ.

ಒಳಗೆ ಬಂದವರು ಸುತ್ತ ನೋಡಿದರು. ಮಂಚ, ಒಲೆ, ಹೂವಿನ ಪರದೆ ಎಲ್ಲವೂ ಹೊಸದು. ಆದರೆ ಮರದ ಸಂದಿಗಳಲ್ಲೆಲ್ಲೋ ಅಡಗಿದ್ದ ಲವಂಗದೆಣ್ಣೆಯ ವಾಸನೆ ಹೋಗಿರಲಿಲ್ಲ. ನಡುವೆ ಆ ಕುರ್ಚಿ. ಬೇಕರಿಯಮ್ಮನ ಕೈ ತಾನಾಗಿಯೇ ದವಡೆಗೆ ಹೋಯಿತು.

"ಮೂರನೇ ಕ್ಲಾಸು," ಎಂದಳು. "ಈ ಕುರ್ಚಿ. ನಾನು ಕಿರುಚಿದ್ದು ನಮ್ಮಮ್ಮನಿಗೆ ಮನೇಲಿ ಕೇಳಿಸಿತ್ತಂತೆ."

"ನಾನು ಡಾಕ್ಟರ ಬೆರಳು ಕಚ್ಚಿದ್ದೆ," ಎಂದ ಬಡಗಿ ಹೆಮ್ಮೆಯಿಂದ.

"ಅದು ನನ್ನ ಬೆರಳು," ಎಂದಳು ಸಿಸ್ಟರಮ್ಮ. "ಮೂರು ದಿನ ಊದಿತ್ತು."

ಬಡಗಿ ಮೂವತ್ತೈದು ವರ್ಷದ ಮೇಲೆ ಕ್ಷಮೆ ಕೇಳಬೇಕೋ ಬೇಡವೋ ತಿಳಿಯದೆ ಕಿಟಕಿಯಾಚೆ ನೋಡಿದ.

ಸರ್ವೇಯರ್ ಹತ್ತಲಿಲ್ಲ. ಹೊರಗೆ ನಿಂತು ಕೈ ತೋರಿಸುವವರು ಒಬ್ಬರು ಬೇಕಲ್ಲ. "ಒಂದೇ ಉಸಿರಲ್ಲಿ ಹೋಗಿ. ಮಧ್ಯೆ ನಿಲ್ಲಿಸಿದ್ರೆ ಹಲಗೆ ಜಾರುತ್ತೆ!"

ಗಾಡಿ ಹಲಗೆಯೇರಿತು. ಮೂತಿ ಮೇಲಾಯಿತು. ಎಲ್ಲರೂ ಡ್ರೈವರ್ ಸೀಟಿನ ಬೆನ್ನಿಗೆ ಅಂಟಿಕೊಂಡು, ಉಸಿರು ಬಿಗಿಹಿಡಿದು, ಆ ಸದ್ದಿಗಾಗಿ ಕಾದರು. ಚಕ್ರ ಹಲಗೆ ದಾಟಿತು. ಬಾಲ ನೆಲದ ಮೇಲೆ ಎರಡು ಬೆರಳಷ್ಟೇ ಎತ್ತರದಲ್ಲಿ, ನಿದ್ದೆ ಹೋದ ಮಗುವಿನ ಪಕ್ಕದಿಂದ ಎದ್ದು ಹೋಗುವ ತಾಯಿಯ ಹಾಗೆ ಸದ್ದಿಲ್ಲದೆ ತೇಲಿಬಂತು. ಗಾಡಿ ರಸ್ತೆಗೆ ಬಂದೇ ಬಿಟ್ಟಿತು!

ಆ ಸಂತೋಷದಲ್ಲಿ ಅಣ್ಣ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಸರ್ವೇಯರ್ ಸಾರ್, ಈ ದರಿದ್ರ ರ‍್ಯಾಂಪಿಗೆ ಏನಾದ್ರೂ ಒಂದು ಗತಿ ಕಾಣಿಸ್ಬೇಕು ನೋಡಿ!"

ಸರ್ವೇಯರ್ ಎರಡೂ ಕೈ ಎತ್ತಿ ಏನೋ ಹೇಳಿದರು. ಹಿಂದಿನ ಲಾರಿ ಹಾರನ್ ಹಾಕಿದ್ದರಿಂದ ಅದು ಕೇಳಿಸಲಿಲ್ಲ. ಒಂದೇ ದಿಕ್ಕಿನ ರಸ್ತೆ, ಹಿಂದೆ ಸಾಲು ಸಾಲು ವಾಹನ. ನಿಲ್ಲಿಸಲು ಜಾಗವೇ ಸಿಗಲಿಲ್ಲ. ಸೇತುವೆ ದಾಟಿದ ಮೇಲೆ ಅಣ್ಣ ಗಾಡಿಯನ್ನು ಪಕ್ಕಕ್ಕೆ ತಂದ.

"ಇಲ್ಲಿ ಇಳಿದುಬಿಡಿ, ನಿಮಗೆ ತುಂಬಾ ತೊಂದರೆ ಕೊಟ್ಟೆ."

ಯಾರೂ ಅಲುಗಾಡಲಿಲ್ಲ.

"ನದಿದಂಡೆ ಶಾಲೆಗೆ ತಾನೇ?" ಎಂದ ಟೈಲರು. "ನಾನು ಅಲ್ಲೇ ಓದಿದ್ದು ಅಣ್ಣಾ. ಅಲ್ಲೂ ಗೇಟಿನ ಹತ್ರ ಏರು ಇದೆ. ಭಾರ ಇಲ್ಲದೆ ಹೇಗೆ ಹತ್ತಿಸ್ತೀರಿ?"

"ನೀನು ಭಾರನಾ?" ಎಂದ ಬಡಗಿ.

ಬೇಕರಿಯಮ್ಮ ಆಗಲೇ ಫೋನಿನಲ್ಲಿ ಗಂಡನಿಗೆ ಓವನ್ ನೋಡಿಕೊಳ್ಳಲು ಹೇಳುತ್ತಿದ್ದಳು. ಅಣ್ಣ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ. ಇಬ್ಬರೇ ಹೋಗಬೇಕೆಂದು ಎರಡು ವರ್ಷದಿಂದ ಕಂಡ ಕನಸು. ಸಿಸ್ಟರಮ್ಮ ನಿಟ್ಟುಸಿರು ಬಿಟ್ಟು, ಡಬ್ಬಿ ತೆಗೆದು, ಇಬ್ಬರಿಗೆಂದು ಕಟ್ಟಿದ್ದ ಊಟವನ್ನು ಐದು ಪಾಲು ಮಾಡತೊಡಗಿದಳು.

ಮೂರಕ್ಕೆ ಹತ್ತು ನಿಮಿಷವಿರುವಾಗ ಗಾಡಿ ಶಾಲೆಯ ಏರನ್ನು ಸದ್ದಿಲ್ಲದೆ ಹತ್ತಿ ಗೇಟಿನೊಳಗೆ ತಿರುಗಿತು. ಆಟದ ಬಯಲಿನಲ್ಲಿ ನೂರಾರು ಜನ ನಿಂತಿದ್ದರು. ನರೆತವರು, ಬೊಜ್ಜು ಬಂದವರು, ಮೊಮ್ಮಕ್ಕಳ ಕೈಹಿಡಿದವರು. ಪಕ್ಕದಲ್ಲಿ ನಗುವ ಹಲ್ಲಿನ ಆ ಬಿಳೀ ಗಾಡಿ ಕಾಣಿಸಿದ್ದೇ ತಡ, ನಲವತ್ತು ದಾಟಿದ ಆ ಜನಸಮೂಹ ಎರಡು ಹೆಜ್ಜೆ ಹಿಂದೆ ಸರಿಯಿತು. ಕೋಟು ಹಾಕಿದ್ದ ದಪ್ಪನೆಯ ಗಂಡಸೊಬ್ಬ ಓಡಿಯೇ ಹೋದ. ಆಮೇಲೆ ತಾವು ಮಾಡಿದ್ದು ತಿಳಿದು ಎಲ್ಲರೂ ನಗತೊಡಗಿದರು. ಆ ನಗು ಬಯಲಿನ ಈ ತುದಿಯಿಂದ ಆ ತುದಿಗೆ ಹರಡಿತು. ಗಾಡಿಯನ್ನು ಮುಟ್ಟಿ ನೋಡಿದರು, ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡರು, ತಮ್ಮ ತಮ್ಮ ಕಿತ್ತ ಹಲ್ಲಿನ ಜಾಗವನ್ನು ಮೊಮ್ಮಕ್ಕಳಿಗೆ ಬಾಯಿ ತೆರೆದು ತೋರಿಸಿದರು.

ಓಡಿಹೋದವನನ್ನು ಸಿಸ್ಟರಮ್ಮ ಹುಡುಕಿಕೊಂಡು ಹೋದಳು. ಅವಳಿಗೆ ಜಾಗ ಗೊತ್ತಿತ್ತು. ಕಟ್ಟಡದ ಹಿಂದೆ ನೀರಿನ ತೊಟ್ಟಿ. ಅದರ ಮರೆಯಲ್ಲಿ ಆತ ನಾಚಿಕೊಂಡು ನಿಂತಿದ್ದ.

"ಕಾಲು ತಾನಾಗಿ ಓಡಿಬಿಡ್ತು, ಸಿಸ್ಟರ್," ಎಂದ. "ನಾನು ಬ್ಯಾಂಕ್ ಮ್ಯಾನೇಜರು."

"ಪರವಾಗಿಲ್ಲ ಬಾರಪ್ಪ. ಇಲ್ಲಿ ಅಡಗಿದವರಲ್ಲಿ ನೀನೇ ಮೊದಲಿನವನಲ್ಲ."

ಹಿಂದೆಯೇ ಬಂದಿದ್ದ ಅಣ್ಣ ತೊಟ್ಟಿಯ ಪಾಚಿಗಟ್ಟಿದ ಗೋಡೆಗೆ ಕೈಯಿಟ್ಟು ನಿಂತ. ಮೂವತ್ತೆಂಟು ವರ್ಷದ ಹಿಂದೆ ಅವನು ಅವಿತು ಕೂತಿದ್ದು ಇಲ್ಲೇ. ಹಲ್ಲುಗಾಡಿಯ ಡ್ರೈವರಿಗೇ ಹಲ್ಲುನೋವು. ಮೂರು ದಿನದಿಂದ ಕೆನ್ನೆ ಬನ್ನಿನಂತೆ ಊದಿದ್ದರೂ ಡಾಕ್ಟರ ಹೆದರಿಕೆಗೆ ಬಾಯಿಬಿಟ್ಟಿರಲಿಲ್ಲ. ಹೊಸದಾಗಿ ಬಂದಿದ್ದ ನರ್ಸು ಮಕ್ಕಳನ್ನು ಹುಡುಕುತ್ತ ಬಂದು ಅವನನ್ನು ಕಂಡಳು. ನಗಲಿಲ್ಲ. ಪಕ್ಕದಲ್ಲಿ ಕೂತು, "ನಂಗೂ ಆ ಕುರ್ಚಿ ಕಂಡ್ರೆ ಭಯ. ಯಾರಿಗೂ ಹೇಳ್ಬೇಡಿ," ಎಂದಳು. ಆಮೇಲೆ ಅವನ ಕೈಹಿಡಿದು ಅವನದೇ ಗಾಡಿಗೆ ಕರೆದುಕೊಂಡು ಹೋದಳು. ಹಲ್ಲು ಕಿತ್ತಾದ ಮೇಲೂ ಅವನು ಆ ಕೈ ಬಿಡಲಿಲ್ಲ. ಡಾಕ್ಟರೇ ಬಿಡಿಸಬೇಕಾಯಿತು.

"ಏನ್ರೀ ಯೋಚನೆ?" ಎಂದಳು ಸಿಸ್ಟರಮ್ಮ.

"ಏನಿಲ್ಲ. ಈ ಗೋಡೇನೂ ಕೆಡವ್ತಾರಲ್ಲ ಅಂತ."

ಅವಳು ತೊಟ್ಟಿಯ ಅಂಚಿನ ಪಾಚಿಯನ್ನು ಬೆರಳಲ್ಲಿ ಒರೆಸಿದಳು.

ಹೆಡ್‌ಮಿಸ್ಸಿಗೆ ಎಂಬತ್ತೆಂಟು. ಗಾಲಿಕುರ್ಚಿಯಲ್ಲಿ ಕೂತಿದ್ದವರು ಸಿಸ್ಟರಮ್ಮನನ್ನು ಕಂಡೊಡನೆ ಅಭ್ಯಾಸಬಲದಿಂದ ಬಾಯಿ ತೆರೆದು ತೋರಿಸಿದರು. ಒಂದೂ ಹಲ್ಲಿರಲಿಲ್ಲ. "ಈಗ ನಿನ್ನ ಡಾಕ್ಟರಿಗೆ ನನ್ನ ಹತ್ರ ಏನೂ ಕೆಲಸ ಇಲ್ಲ," ಎಂದು ನಕ್ಕರು. ಮೂರೂವರೆಯಾದಾಗ ಗಂಟೆಯ ಹಗ್ಗವನ್ನು ಅಣ್ಣ, ಸಿಸ್ಟರಮ್ಮ ಇಬ್ಬರ ಕೈಗೇ ಕೊಟ್ಟರು. "ಇಷ್ಟು ವರ್ಷದಲ್ಲಿ ಈ ಶಾಲೆಗೆ ಬಂದು ಹೋದವರೆಲ್ಲ ಏನೋ ಒಂದು ಕಲಿತು ಹೋದ್ರು. ಮದುವೆ ಮಾಡ್ಕೊಂಡು ಹೋದೋರು ನೀವಿಬ್ಬರೇ. ಬಾರಿಸಿ."

ಇಬ್ಬರೂ ಹಗ್ಗ ಎಳೆದರು. ಗಂಟೆಯ ದನಿ ಹೊಳೆಯ ಆಚೆ ದಡಕ್ಕೆ ಹೋಗಿ ಮರಳಿತು. ಯಾರೂ ಮನೆಗೆ ಓಡಲಿಲ್ಲ. ಕೊನೆಯ ಗಂಟೆಗೆ ಮಕ್ಕಳು ಓಡದೆ ನಿಂತದ್ದು ಆ ಶಾಲೆಯ ಇತಿಹಾಸದಲ್ಲಿ ಅದೊಂದೇ ಸಲ.

ಹೊಳೆದಂಡೆಯಲ್ಲಿ ಉಳಿಯುವ ಮಾತು ಬಂದಾಗ ಅಣ್ಣನಿಗೆ ನೆನಪಾಯಿತು: ಗಾಡಿಯಲ್ಲಿ ಮೂವರು ನೆರೆಯವರು, ನಾಲ್ಕು ಮೂಟೆ ಮೈದಾ. ಬೇಕರಿಯಮ್ಮನಿಗೆ ಬೆಳಗಿನ ಬ್ರೆಡ್ಡಿಗೆ ಹಿಟ್ಟು ಕಲಸಬೇಕು. ಟೈಲರಿಗೆ ಬೋರ್ಡನ್ನು ಮತ್ತೆ ಗೋಡೆಗೆ ಹೊಡೆಯಬೇಕು. ಅವರನ್ನು ಅಲ್ಲಿ ಬಿಡುವುದಾದರೂ ಹೇಗೆ?

"ಇವತ್ತು ವಾಪಸ್ ಹೋಗಿ, ನಾಳೆ ಮತ್ತೆ ಹೊರಡೋಣ," ಎಂದ ಹೆಂಡತಿಗೆ ಮೆಲ್ಲಗೆ. "ಹೇಗೂ ಹತ್ತಿಸೋ ಉಪಾಯ ಗೊತ್ತಾಯ್ತಲ್ಲ."

ದಾರಿಯುದ್ದಕ್ಕೂ ಬೇಕರಿಯಮ್ಮ, ಬಡಗಿ, ಟೈಲರು ಶಾಲೆಯ ಪ್ರಾರ್ಥನೆಯನ್ನು ಮೂರು ಬೇರೆ ಬೇರೆ ಧಾಟಿಯಲ್ಲಿ ಹಾಡಿದರು. ಸೂರ್ಯ ಇಳಿಯುವ ಹೊತ್ತಿಗೆ ಗಾಡಿ ಬೀದಿಗೆ ತಿರುಗಿತು. ಮನೆಯ ಮುಂದೆ ಜನ ಸೇರಿದ್ದರು.

ಜನರ ನಡುವೆ ಸರ್ವೇಯರ್ ಪ್ಯಾಂಟು ಮಡಿಸಿಕೊಂಡು, ಮುಖದ ತುಂಬ ಸಿಮೆಂಟು ಹಚ್ಚಿಕೊಂಡು, ಮದುವೆಮನೆಯ ಯಜಮಾನನಂತೆ ನಿಂತಿದ್ದರು.

"ಬನ್ನಿ ಅಣ್ಣಾ, ಬನ್ನಿ! ಗತಿ ಕಾಣಿಸಿ ಅಂದ್ರಲ್ಲ, ಕಾಣಿಸಿದ್ದೀನಿ ನೋಡಿ!"

ಅಣ್ಣ ಇಳಿದು ನೋಡಿದ. ಕಡಿದಾದ ಹಳೆಯ ರ‍್ಯಾಂಪು ಇರಲಿಲ್ಲ. ಅದರ ಜಾಗದಲ್ಲಿ ಹೊಚ್ಚಹೊಸ ಕಾಂಕ್ರೀಟು, ಕನ್ನಡಿಯ ಹಾಗೆ ನಯ, ಇಳಿದದ್ದೇ ತಿಳಿಯದಷ್ಟು ಮೆಲ್ಲನೆಯ ಇಳಿಜಾರು.

"ಮುಂದಿನ ಬೀದೀಲಿ ಕಟ್ಟಡದ ಕೆಲಸ ನಡೀತಿದೆಯಲ್ಲ, ಅಲ್ಲಿ ಕಾಂಕ್ರೀಟು ಎರಡು ಲಾರಿ ಹೆಚ್ಚಾಗಿತ್ತು. ಬೇರೆ ಕಡೆ ಸುರಿಯೋಕೆ ಹೊರಟಿದ್ರು, ಇಲ್ಲಿಗೇ ತರಿಸಿಬಿಟ್ಟೆ," ಎಂದರು ಸರ್ವೇಯರ್. "ಹತ್ತಡಿಗೆ ಒಂದಡಿ ಇಳಿಜಾರು. ನಾನೇ ಮಟ್ಟ ಹಿಡಿದು ನೋಡಿದ್ದೀನಿ. ಇನ್ನು ನಿಮ್ಮ ಬಾಲ ಈ ಜನ್ಮದಲ್ಲಿ ಉಜ್ಜಲ್ಲ!"

ಅಣ್ಣನ ಕಣ್ಣು ತುಂಬಿಬಂತು. ಸರ್ವೇಯರ ಎರಡೂ ಕೈ ಹಿಡಿದುಕೊಂಡ. ನಿಜಕ್ಕೂ ಎಂಥ ನೆರೆಹೊರೆ! ಬೆಳಿಗ್ಗೆಯಿಂದ ಮನಸ್ಸಿನಲ್ಲಿ ಬೈದುಕೊಂಡದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಹಾಗೇ ಆ ನಯವಾದ ಇಳಿಜಾರಿನ ಮೇಲೆ ಕಣ್ಣು ಜಾರಿಸುತ್ತ ಹೋದ. ಇಳಿಜಾರು ಗೇಟು ದಾಟಿತು. ತುಳಿದು ಕೆಸರಾಗಿದ್ದ ಅಂಗಳವನ್ನು ದಾಟಿತು. ಮನೆಯ ಮೆಟ್ಟಿಲು ದಾಟಿತು. ಸೀದಾ ಹೋಗಿ ಮುಂಬಾಗಿಲಿನ ಹೊಸ್ತಿಲಿಗೆ ಮುಟ್ಟಿ ನಿಂತಿತು.

ಅವನು ಕತ್ತು ಚಾಚಿ ಎಡಕ್ಕೂ ಬಲಕ್ಕೂ ನೋಡಿದ.

"ಸಾರ್," ಎಂದ ಕೊನೆಗೆ, "ಅಂಗಳ ಎಲ್ಲಿ?"

"ಅಂಗಳ ಎಲ್ಲಾ ಇಳಿಜಾರಿಗೇ ಬೇಕಾಯ್ತು. ಮೆಲ್ಲಗೆ ಇಳೀಬೇಕು ಅಂದ್ರೆ ಉದ್ದ ಬೇಡವೇ? ಆರಡಿ ಇಳಿಯೋಕೆ ಅರವತ್ತಡಿ. ಸರಿಯಾಗಿ ನಿಮ್ಮ ಹೊಸ್ತಿಲಿಗೆ ಬಂತು, ಒಂದು ಇಂಚು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ."

"ಹೌದು ಸಾರ್. ಆದ್ರೆ ಗಾಡಿ ಇಳಿದ ಮೇಲೆ ಎಲ್ಲಿ ನಿಲ್ಲಿಸೋದು?"

ಸರ್ವೇಯರ್ ಇಳಿಜಾರನ್ನು ನೋಡಿದರು. ಗಾಡಿಯನ್ನು ನೋಡಿದರು. ಮತ್ತೆ ಇಳಿಜಾರನ್ನು ನೋಡಿದರು. ಅವರ ಕೈಯಲ್ಲಿದ್ದ ಟೇಪು ಸರ್ರನೆ ಡಬ್ಬಿಯೊಳಗೆ ಹೋಯಿತು.

"ಅದು..." ಎಂದರು. "ಅದನ್ನ ಯಾರೂ ಕೇಳಿರಲಿಲ್ಲ."

ಜನ ಒಬ್ಬೊಬ್ಬರಾಗಿ ಕರಗಿದರು. ಬೇಕರಿಯಮ್ಮ ಮೂಟೆ ಇಳಿಸಿಕೊಂಡಳು, ಟೈಲರು ಬೋರ್ಡು ಹುಡುಕಿಕೊಂಡು ಹೋದ, ಬಡಗಿ ಹಲಗೆಗಳು ಕಾಂಕ್ರೀಟಿನ ಅಡಿ ಸೇರಿದವೆಂದು ತಿಳಿದು ಬರಿಗೈಯಲ್ಲಿ ನಡೆದ. ಮನೆಯೊಳಗೆ ಹೋಗೋಣವೆಂದು ಅಣ್ಣ ಒಂದು ಹೆಜ್ಜೆ ಮುಂದಿಟ್ಟಾಗ ಸರ್ವೇಯರ್ ಅಡ್ಡ ಬಂದು ಅವನ ತೋಳು ಹಿಡಿದರು.

"ಅಯ್ಯೋ, ತುಳೀಬೇಡಿ! ಹಸಿ ಇದೆ. ಹನ್ನೆರಡು ದಿನ ಯಾರೂ ಕಾಲಿಡೋ ಹಾಗಿಲ್ಲ."

ಮನೆಗೆ ಬೇರೆ ದಾರಿ ಇರಲಿಲ್ಲ. ಹಿಂದೆ ಬೇರೆಯವರ ಗೋಡೆ, ಎರಡು ಪಕ್ಕದಲ್ಲೂ ಬೇರೆಯವರ ಗೋಡೆ. ಅಣ್ಣ ತಿರುಗಿ ಬಂದು ಗಾಡಿಯ ಮೆಟ್ಟಿಲ ಮೇಲೆ ಕೂತ. ಮನೆಯ ಕಿಟಕಿಯಲ್ಲಿ ಅವನು ಬೆಳಿಗ್ಗೆ ಆರಿಸಲು ಮರೆತ ದೀಪ ಉರಿಯುತ್ತಿತ್ತು.

ಗಾಡಿಯೊಳಗೆ ಸಿಸ್ಟರಮ್ಮ ಒಲೆ ಹಚ್ಚಿ, ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಚಹಾಕ್ಕಿಟ್ಟಳು. ಹೂವಿನ ಪರದೆ ಸರಿಸಿ, ಕಿಟಕಿಗೆ ಮೊಣಕೈ ಊರಿ, ಎದುರಿಗಿದ್ದ ತಮ್ಮದೇ ಮನೆಯನ್ನು, ಮೊದಲ ಸಲ ನೋಡುವವಳಂತೆ, ಬಹಳ ಹೊತ್ತು ನೋಡಿದಳು.

"ಜಾಗ ಚೆನ್ನಾಗಿದೆ ಕಣ್ರೀ," ಎಂದಳು. "ಎಷ್ಟು ದಿನ ಇರೋಣ ಇಲ್ಲಿ?"